ಡಿಜಿಟಲ್ ದೀರ್ಘ ಲೇಖನಗಳ ದೃಶ್ಯ ವಿನ್ಯಾಸ: ವರ್ತಕರು ಗಮನಿಸಬೇಕಾದ ಅಂಶಗಳು

ಬೆಳ್ಳಿಹಬ್ಬ, ಸುವರ್ಣ ಮಹೋತ್ಸವಗಳ ಸಂದರ್ಭದಲ್ಲಿ ವರ್ತಕ ಸಂಸ್ಥೆಗಳು ಸ್ಮರಣ ಸಂಚಿಕೆ ಹೊರತರುವುದು ರೂಢಿ. ಪುಟಗಳ ಜೋಡಣೆ, ಚಿತ್ರಗಳ ಆಯ್ಕೆ, ಅಕ್ಷರಗಳ ಗಾತ್ರ ಇವೆಲ್ಲವನ್ನೂ ಮುದ್ರಣಾಲಯದವರಿಗೇ ಬಿಟ್ಟುಬಿಡುವುದೂ ರೂಢಿಯೇ ಆಗಿದೆ. ಇಂದು ಅಂತಹ ದೀರ್ಘ ಬರಹಗಳನ್ನು ಓದುಗರು ಅಂಗೈಯಗಲದ ಮೊಬೈಲ್ ಪರದೆಯ ಮೇಲೆ ಓದುತ್ತಿದ್ದಾರೆ. ಬೇಸರವಾದ ಕ್ಷಣವೇ ಬೆರಳು ಬೇರೆಡೆಗೆ ಸರಿಯುತ್ತದೆ. ಆದ್ದರಿಂದ ಯಾವುದನ್ನು ಮೊದಲು ತೋರಿಸಬೇಕು, ಯಾವುದನ್ನು ನಂತರ ತೋರಿಸಬೇಕು ಎಂದು ನಿರ್ಧರಿಸುವ ಕಲಾ ನಿರ್ದೇಶನವು ಬರವಣಿಗೆಯಷ್ಟೇ ಮಹತ್ವ ಪಡೆದಿದೆ.

ಹಿನ್ನೆಲೆ

ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು 2012ರ ಡಿಸೆಂಬರ್‌ನಲ್ಲಿ ಅಂತರಜಾಲದಲ್ಲಿ ಪ್ರಕಟಿಸಿದ ‘ಸ್ನೋ ಫಾಲ್’ ಲೇಖನವು ಈ ಕ್ಷೇತ್ರದ ಮೈಲಿಗಲ್ಲು. ಮೂವರನ್ನು ಬಲಿ ಪಡೆದ ಹಿಮಕುಸಿತವೊಂದರ ವೃತ್ತಾಂತವನ್ನು ಜಾನ್ ಬ್ರಾಂಚ್ ಆರು ಭಾಗಗಳಲ್ಲಿ ಬರೆದರು. ಚಲಿಸುವ ನಕ್ಷೆ, ವಿಡಿಯೋ, ಛಾಯಾಚಿತ್ರಗಳು ಓದಿನ ನಡುವೆ ಸಕಾಲದಲ್ಲಿ ಎದುರಾಗುವಂತೆ ಅದನ್ನು ಜೋಡಿಸಲಾಗಿತ್ತು. 2013ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. ಭಾರತದಲ್ಲಿ ಪತ್ರಕರ್ತ ಪಿ. ಸಾಯಿನಾಥ್ ಅವರು 2014ರ ಡಿಸೆಂಬರ್‌ನಲ್ಲಿ ಆರಂಭಿಸಿದ ‘ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ’ ತಾಣವು ಗ್ರಾಮೀಣ ಬದುಕಿನ ಸಚಿತ್ರ ದೀರ್ಘ ವರದಿಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ನೀಡುತ್ತಿದೆ.

ಒಂದು ಜಲಾಶಯ, ನಾಲ್ಕು ತಾಲ್ಲೂಕು

ವಿನ್ಯಾಸವೆಂದರೆ ಕೇವಲ ಅಲಂಕಾರವೆಂಬ ಭಾವನೆ ತಪ್ಪು ಎಂಬುದಕ್ಕೆ ಜಿಲ್ಲೆಯೊಳಗಿನ ಉದಾಹರಣೆಯೇ ಸಾಕು. ವೇದಾವತಿ ನದಿಗೆ ಅಡ್ಡಲಾಗಿ ಹಿರಿಯೂರು ತಾಲ್ಲೂಕಿನಲ್ಲಿ 1907ರಲ್ಲಿ ಪೂರ್ಣಗೊಂಡ ವಾಣಿ ವಿಲಾಸ ಸಾಗರದ ಗರಿಷ್ಠ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. 2025ರ ಜನವರಿಯಲ್ಲಿ ಪುನಃ ತುಂಬಿ ಹರಿಯಿತು.

ಈ ವಿಷಯದ ಬಗ್ಗೆ ದೀರ್ಘ ಲೇಖನವೊಂದನ್ನು ರೂಪಿಸಬೇಕೆಂದು ಭಾವಿಸೋಣ. ಮೊದಲ ಪರದೆಯ ಮೇಲೆ ಯಾವ ಚಿತ್ರವಿರಬೇಕು? ಕೋಡಿಯ ನೀರಿಗೆ ಬಾಗಿನ ಅರ್ಪಿಸುವ ಚಿತ್ರವಿಟ್ಟರೆ ಅದು ಹಿರಿಯೂರಿನ ಅಚ್ಚುಕಟ್ಟು ಪ್ರದೇಶದ ಸಂಭ್ರಮದ ಕಥೆಯಾಗುತ್ತದೆ. ಹಿನ್ನೀರಿನಲ್ಲಿ ಮುಳುಗಿದ ತೋಟದ ಚಿತ್ರವಿಟ್ಟರೆ ಹೊಸದುರ್ಗ ತಾಲ್ಲೂಕಿನ ರೈತರ ನಷ್ಟದ ಕಥೆಯಾಗುತ್ತದೆ. ಚಿತ್ರದುರ್ಗ ನಗರಕ್ಕೆ ಅದು ಕುಡಿಯುವ ನೀರಿನ ಪ್ರಶ್ನೆ. ಬರಗಾಲದಲ್ಲಿ ಟ್ಯಾಂಕರ್ ನೀರುಣಿಸಿ ಅಡಿಕೆ ತೋಟ ಉಳಿಸಿಕೊಂಡ ಹೊಳಲ್ಕೆರೆಯ ಬೆಳೆಗಾರನಿಗೆ ಅದು ದೂರದಿಂದ ನೋಡುವ ನೀರು. ಬರಹದ ಒಂದಕ್ಷರವನ್ನೂ ಬದಲಿಸದೆ, ಚಿತ್ರದ ಸ್ಥಾನ ಬದಲಿಸಿದ ಮಾತ್ರಕ್ಕೆ ಲೇಖನದ ತೀರ್ಪು ಬದಲಾಗುತ್ತದೆ.

ರೇಖಾಚಿತ್ರಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಕೋಡಿ ಬಿದ್ದ ಇತ್ತೀಚಿನ ವರ್ಷಗಳ ನೀರಿನ ಮಟ್ಟವನ್ನಷ್ಟೇ ತೋರಿಸಿದರೆ ಕಣಿವೆ ಸದಾ ತುಂಬಿರುವಂತೆ ಕಾಣುತ್ತದೆ. ಅದನ್ನು ನಂಬಿ ಸಾಲ ತಂದು ತೋಟ ವಿಸ್ತರಿಸುವವರೂ, ಪಂಪ್‌ಸೆಟ್ಟು, ಪೈಪುಗಳ ದಾಸ್ತಾನು ಹೆಚ್ಚಿಸುವವರೂ ಇದ್ದಾರೆ. 1933ರಿಂದ ಎಳೆದ ರೇಖೆಯೊಂದೇ ಪೂರ್ಣ ಸತ್ಯವನ್ನು ಹೇಳಬಲ್ಲದು. ಲಾಭ ಬಂದ ಒಂದೇ ವರ್ಷದ ಲೆಕ್ಕವನ್ನು ಬ್ಯಾಂಕಿಗೆ ತೋರಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಆದ್ದರಿಂದ ನಾಲ್ಕೂ ತಾಲ್ಲೂಕುಗಳನ್ನು ಒಂದೇ ನೋಟದಲ್ಲಿ ತೋರಿಸುವ ನಕ್ಷೆ, ನಂತರ ಪೂರ್ಣಾವಧಿಯ ಮಟ್ಟದ ರೇಖೆ, ಆಮೇಲೆ ಸಂಭ್ರಮ ಮತ್ತು ನಷ್ಟಗಳೆರಡರ ಚಿತ್ರಗಳು ಎಂಬ ಕ್ರಮವು ನ್ಯಾಯಸಮ್ಮತವಾದುದು.

ಕನ್ನಡ ಲಿಪಿಯ ಅಗತ್ಯಗಳು

ಇಂಗ್ಲಿಷಿಗೆ ರೂಪಿಸಿದ ವಿನ್ಯಾಸವನ್ನು ಯಥಾವತ್ತಾಗಿ ಕನ್ನಡಕ್ಕೆ ಅಳವಡಿಸಲಾಗದು. ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲ. ಹಾಗಾಗಿ ಶೀರ್ಷಿಕೆ, ಉಪಶೀರ್ಷಿಕೆಗಳನ್ನು ಅಕ್ಷರದ ಗಾತ್ರ ಮತ್ತು ದಪ್ಪದಿಂದಲೇ ಬೇರ್ಪಡಿಸಬೇಕಾಗುತ್ತದೆ. ದೀರ್ಘ ಪದಗಳು ಕಿರಿದಾದ ಪರದೆಯಲ್ಲಿ ಅಡ್ಡಾದಿಡ್ಡಿಯಾಗಿ ತುಂಡಾಗದಂತೆಯೂ ಎಚ್ಚರ ವಹಿಸಬೇಕು.

ಬರಹವು ಯೂನಿಕೋಡ್‌ನಲ್ಲಿ ಇರಲೇಬೇಕು. ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತವು ಆ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಗೂಗಲ್‌ನಲ್ಲಿ ಹುಡುಕಿದವರಿಗೂ ಸಿಗುವುದಿಲ್ಲ. ನೋಟೋ ಕನ್ನಡ, ಅನೇಕ್ ಕನ್ನಡ, ತಿರೋ ಕನ್ನಡ ಮುಂತಾದ ಫಾಂಟುಗಳು ಮುಕ್ತ ಪರವಾನಗಿಯಲ್ಲಿ ದೊರೆಯುವುದರಿಂದ ವ್ಯಾಪಾರಿ ಬಳಕೆಗೂ ಶುಲ್ಕವಿಲ್ಲ.

ಖರ್ಚು ಮತ್ತು ಹಕ್ಕು

ಹಣ ಕೊಟ್ಟು ಮಾಡಿಸಿದ್ದೆಲ್ಲವೂ ತಮ್ಮದೇ ಎಂಬ ನಂಬಿಕೆ ವರ್ತಕರಲ್ಲಿದೆ. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೇ ಪ್ರಕರಣದ ಪ್ರಕಾರ ಪ್ರತಿಫಲ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕು, ವಿರುದ್ಧ ಕರಾರು ಇಲ್ಲದಿದ್ದಲ್ಲಿ, ತೆಗೆಸಿದವರದು. ಆದರೆ ಸ್ವತಂತ್ರ ಲೇಖಕರು ಬರೆದ ಬರಹಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಹಕ್ಕನ್ನು ಲಿಖಿತವಾಗಿ, ಸಹಿಯೊಡನೆ ವರ್ಗಾಯಿಸಿಕೊಳ್ಳಬೇಕು. ವಿನ್ಯಾಸದ ವಿಷಯದಲ್ಲೂ ಇದೇ ಎಚ್ಚರಿಕೆ ಒಳ್ಳೆಯದು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 19ನೇ ಪ್ರಕರಣದಂತೆ ವರ್ಗಾವಣೆಯು 5 ವರ್ಷಕ್ಕೆ ಮಾತ್ರ. ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಸೀಮಿತ. ಅಂತರಜಾಲದ ಲೇಖನವನ್ನು ಪ್ರಪಂಚದ ಎಲ್ಲೆಡೆ ಓದುತ್ತಾರೆಂಬುದನ್ನು ಇಲ್ಲಿ ಮರೆಯಬಾರದು. ಮೂಲ ಕಡತಗಳನ್ನೂ ಅಂತಿಮ ಪಾವತಿಗೆ ಮುನ್ನವೇ ಪಡೆದಿಟ್ಟುಕೊಳ್ಳುವುದು ಕ್ಷೇಮ. ಸಂಸ್ಥೆಯ ಹಣದಿಂದ ಪ್ರಕಟವಾದ ಲೇಖನದಲ್ಲಿ ‘ಪ್ರಾಯೋಜಿತ’ ಎಂದು ಮೊದಲ ಪರದೆಯಲ್ಲಿಯೇ ತಿಳಿಸುವುದು ಪ್ರಾಮಾಣಿಕ ನಡೆ.

ಸರಕಿನ ತೂಕದಲ್ಲಿ ಮೋಸವಾದರೆ ಗಿರಾಕಿ ಮತ್ತೆ ಅಂಗಡಿಗೆ ಬರುವುದಿಲ್ಲ. ಚಿತ್ರ, ನಕ್ಷೆ, ಅಂಕಿಗಳ ಜೋಡಣೆಯೂ ಒಂದು ತಕ್ಕಡಿಯೇ. ಜಿಲ್ಲೆಯ ಕೈಗಾರಿಕೋದ್ಯಮಿಗಳು ಹಾಗೂ ವರ್ತಕ ಬಾಂಧವರು ಮುಂದಿನ ಸ್ಮರಣ ಸಂಚಿಕೆಯನ್ನು ಮೊಬೈಲ್ ಪರದೆಗೆ ರೂಪಿಸುವಾಗ ವಿನ್ಯಾಸಕಾರರನ್ನು ಕೊನೆಯಲ್ಲಿ ಕರೆಯದೆ, ಬರವಣಿಗೆ ಆರಂಭವಾಗುವ ದಿನವೇ ಜೊತೆಗೆ ಕೂರಿಸಿಕೊಳ್ಳುವುದು ಸೂಕ್ತ.