ಹಳೆಯ ಚಾಸಿಗೆ ಹೊಸ ನರಮಂಡಲ

ರೇಡಿಯೋ ಅಲೆಗಳ ಮೂಲಕ ದೂರದಿಂದ ನಡೆಸಬಹುದಾದ, ತನ್ನೊಳಗೇ ಬ್ಯಾಟರಿಯನ್ನೂ ಮೋಟಾರನ್ನೂ ಹೊತ್ತ ಪುಟ್ಟ ಮಾದರಿ ವಾಹನಕ್ಕೆ ರೇಡಿಯೋ ನಿಯಂತ್ರಿತ ಕಾರು ಎಂದು ಹೆಸರು. ಆಡುಮಾತಿನಲ್ಲಿ ಅದು ‘ರಿಮೋಟ್ ಕಾರು’. ಮೂವತ್ತು ನಲವತ್ತು ವರ್ಷಗಳ ಹಿಂದೆ ತಯಾರಾಗಿ, ಅಟ್ಟದ ಮೇಲೋ ಗುಜರಿ ಅಂಗಡಿಯ ಮೂಲೆಯಲ್ಲೋ ಉಳಿದುಹೋದ ಇಂಥ ಕಾರಿನ ಚಾಸಿಯನ್ನು, ಅಂದರೆ ಒಡಲನ್ನು, ಕಾಪಾಡಿಕೊಂಡು, ಅದರೊಳಗೆ ಕೆಟ್ಟುಹೋದ ವಿದ್ಯುನ್ಮಾನ ಭಾಗಗಳ ಜಾಗದಲ್ಲಿ ಇಂದಿನ ಭಾಗಗಳನ್ನು ಕೂರಿಸಿ, ಅದು ಮತ್ತೆ ನೆಲದ ಮೇಲೆ ಓಡುವಂತೆ ಮಾಡುವ ಕೆಲಸ ಈಗ ಹಲವು ದೇಶಗಳಲ್ಲಿ ಶ್ರದ್ಧೆಯ ಹವ್ಯಾಸವಾಗಿ ಬೆಳೆದಿದೆ. ಕೆರೆ, ದೇಗುಲಗಳ ವಿಷಯದಲ್ಲಿ ಕನ್ನಡಿಗರು ಬಳಸುವ ‘ಜೀರ್ಣೋದ್ಧಾರ’ ಎಂಬ ಮಾತು ಈ ಕೆಲಸಕ್ಕೂ ಒಪ್ಪುತ್ತದೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬಹುದು ಎಂಬ ವಿವೇಚನೆಯೇ ಎರಡೂ ಕಡೆ ಮುಖ್ಯವಾದುದು.

ಕೃಷ್ಣಗಿರಿ ಜಿಲ್ಲೆಯ ರಾಯಕೋಟೆಯ ಸೀಮೆಗೆ ಈ ವಿದ್ಯೆಯನ್ನು ಪರಿಚಯಿಸುವುದಕ್ಕೆ ವಿಶೇಷ ಕಾರಣವೊಂದಿದೆ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರಲ್ಲಿ, ಟಿಪ್ಪು ಸುಲ್ತಾನನ ಕೈತಪ್ಪಿ ಇಂಗ್ಲಿಷರ ವಶವಾದ ಬೆಟ್ಟದ ಕೋಟೆಯ ಬುಡದಲ್ಲಿರುವ ಈ ಊರು, ಬೆಂಗಳೂರಿನಿಂದ ಹೊಸೂರು, ಧರ್ಮಪುರಿಗಳ ಮೂಲಕ ಸೇಲಂಗೆ ಹೋಗುವ ರೈಲುಹಾದಿಯಲ್ಲಿದ್ದು, ಟೊಮೆಟೊ ಮಂಡಿಗೆ ಹೆಸರಾದಂತೆಯೇ ಹೊಸೂರಿನ ಕೈಗಾರಿಕೆಗಳ ನೆರೆಯೂ ಆಗಿದೆ. 1980ರಲ್ಲಿ ಟಿವಿಎಸ್ 50 ಮೊಪೆಡ್ಡನ್ನು ಹೊರತಂದ ಹೊಸೂರಿನಲ್ಲಿ ಇಂದು ಟಿವಿಎಸ್‌ನ ಐಕ್ಯೂಬ್ ಮತ್ತು ಏಥರ್ ವಿದ್ಯುತ್ ಸ್ಕೂಟರುಗಳು ತಯಾರಾಗುತ್ತಿವೆ. ಅದೇ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯ ಬಳಿ ಓಲಾ ಕಂಪನಿಯ ಕಾರ್ಖಾನೆಯಿದೆ. ಈ ಸ್ಕೂಟರುಗಳನ್ನು ನಡೆಸುವ ಲಿಥಿಯಂ ಬ್ಯಾಟರಿ, ಬ್ರಷ್‌ರಹಿತ ಮೋಟಾರು ಮತ್ತು ಅರೆವಾಹಕ ನಿಯಂತ್ರಕ ಎಂಬ ಮೂರೂ ಅಂಗಗಳೇ, ಅಂಗೈಯಲ್ಲಿ ಹಿಡಿಯಬಹುದಾದ ಗಾತ್ರದಲ್ಲಿ, ಹಳೆಯ ರಿಮೋಟ್ ಕಾರಿಗೆ ಮರುಜೀವ ಕೊಡುವ ಅಂಗಗಳೂ ಆಗಿವೆ.

ಹಿನ್ನೆಲೆ

ತಂತಿಯ ಸಂಪರ್ಕವಿಲ್ಲದೆ ದೂರದ ವಸ್ತುವಿನ ಮೇಲೆ ಕ್ರಿಯೆ ನಡೆಸುವ ಪ್ರಯೋಗಗಳಲ್ಲಿ ಭಾರತದ ಪಾಲೂ ಇದೆ. ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ನಡೆಸಿದ ಸಾರ್ವಜನಿಕ ಪ್ರದರ್ಶನದಲ್ಲಿ, ಗೋಡೆಗಳನ್ನು ಹಾಯ್ದು ಹೋದ ವಿದ್ಯುತ್ಕಾಂತ ಅಲೆಗಳಿಂದ ಗಂಟೆ ಬಾರಿಸಿ, ಸಿಡಿಮದ್ದನ್ನು ಹೊತ್ತಿಸಿ ತೋರಿಸಿದರು. ಮೂರು ವರ್ಷಗಳ ತರುವಾಯ, 1898ರಲ್ಲಿ, ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ರೇಡಿಯೋ ಅಲೆಗಳಿಂದ ನಡೆಯುವ ದೋಣಿಯನ್ನು ಪ್ರದರ್ಶಿಸಿ ಅದಕ್ಕೆ ಪೇಟೆಂಟನ್ನೂ ಪಡೆದರು. ಟ್ರಾನ್ಸಿಸ್ಟರು ಬಂದು ರೇಡಿಯೋ ಯಂತ್ರಗಳು ಕಿರಿದಾದ ಮೇಲೆ, 1960ರ ದಶಕದಲ್ಲಿ ಇಟಲಿ, ಬ್ರಿಟನ್ನುಗಳಲ್ಲಿ ರೇಡಿಯೋ ನಿಯಂತ್ರಿತ ಮಾದರಿ ಕಾರುಗಳು ಮಾರಾಟಕ್ಕೆ ಬಂದವು. ಆದರೆ ಈ ಹವ್ಯಾಸವನ್ನು ಮನೆಮನೆಗೆ ಮುಟ್ಟಿಸಿದ ಕೀರ್ತಿಯ ದೊಡ್ಡ ಪಾಲು ಜಪಾನಿನ ಟಮಿಯಾ ಕಂಪನಿಗೆ ಸಲ್ಲಬೇಕು. ಅದು 1976ರಲ್ಲಿ ಪೋರ್ಷೆ 934 ಕಾರಿನ ಹನ್ನೆರಡನೆಯ ಒಂದರಷ್ಟು ಗಾತ್ರದ ಮಾದರಿಯನ್ನೂ, 1979ರಲ್ಲಿ ಮಣ್ಣುಹಾದಿಯಲ್ಲಿ ಓಡುವ ಸ್ಯಾಂಡ್ ಸ್ಕಾರ್ಚರನ್ನೂ, 1984ರಲ್ಲಿ ಎಳೆಯರ ಕೈಗೆಟಕುವಂತೆ ಗ್ರಾಸ್‌ಹಾಪರ್ ಮತ್ತು ಹಾರ್ನೆಟ್ ಎಂಬ ಮಾದರಿಗಳನ್ನೂ ಹೊರತಂದಿತು. ಇವು ಬಿಡಿಭಾಗಗಳ ಪೆಟ್ಟಿಗೆಯಾಗಿ ಬರುತ್ತಿದ್ದುದರಿಂದ ಕೊಂಡವರೇ ಜೋಡಿಸಿಕೊಳ್ಳಬೇಕಾಗಿತ್ತು. ಜೋಡಿಸಲು ಬಂದದ್ದನ್ನು ಬಿಚ್ಚಲೂ ಬರುತ್ತದೆ ಎಂಬ ಸರಳ ಕಾರಣದಿಂದ ಅವನ್ನು ಇಂದಿಗೂ ದುರಸ್ತಿ ಮಾಡಬಹುದಾಗಿದೆ.

ಭಾರತದಲ್ಲಿ ಬಳಕೆಯ ವಸ್ತುಗಳ ಆಮದಿಗೆ ಬಿಗಿಯಾದ ನಿರ್ಬಂಧಗಳಿದ್ದ ಆ ದಿನಗಳಲ್ಲಿ ಇಂಥ ಕಾರುಗಳು ಅಪರೂಪದವಾಗಿದ್ದು, ಕೊಲ್ಲಿ ರಾಷ್ಟ್ರಗಳಲ್ಲೋ ಸಿಂಗಪುರದಲ್ಲೋ ದುಡಿಯುತ್ತಿದ್ದ ನೆಂಟರ ಪೆಟ್ಟಿಗೆಯಲ್ಲಿ ಬಂದವೇ ಹೆಚ್ಚು. ಆದುದರಿಂದ ಇಲ್ಲಿನ ಮನೆಗಳಲ್ಲಿ ಸಿಗುವ ಹಳೆಯ ಕಾರುಗಳಲ್ಲಿ ಬಹುಪಾಲು ಆಟಿಕೆಯ ದರ್ಜೆಯವು, ಬಿಡಿಯಾಗಿ ಕಳಚಬಲ್ಲ ಹವ್ಯಾಸಿ ದರ್ಜೆಯವು ಕಡಿಮೆ. ಹವ್ಯಾಸಿ ದರ್ಜೆಯ ಕಾರಿನಲ್ಲಿ ರೇಡಿಯೋ ಸಂಜ್ಞೆಯನ್ನು ಹಿಡಿಯುವ ರಿಸೀವರು, ವೇಗ ನಿಯಂತ್ರಕ, ಚಕ್ರ ತಿರುಗಿಸುವ ಸರ್ವೋ, ಮೋಟಾರು ಇವೆಲ್ಲ ಪ್ರತ್ಯೇಕ ಘಟಕಗಳಾಗಿದ್ದು ಒಂದು ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಆಟಿಕೆಯಲ್ಲಿ ಇವೆಲ್ಲವೂ ಒಂದೇ ಸರ್ಕ್ಯೂಟ್ ಹಲಗೆಯ ಮೇಲೆ ಸೇರಿಕೊಂಡಿರುವುದರಿಂದ ಆ ಹಲಗೆ ಕೆಟ್ಟರೆ ಕಾರೇ ನಿಂತುಹೋಗುತ್ತದೆ.

ಮೊದಲ ಕೆಲಸ: ಶುಚಿ ಮತ್ತು ಪರೀಕ್ಷೆ

ಹಳೆಯ ಕಾರಿನ ಮೊದಲ ಶತ್ರು ಅದರೊಳಗೆ ಮರೆತುಬಿಟ್ಟ ಸೆಲ್ಲುಗಳು. ಆಲ್ಕಲೈನ್ ಸೆಲ್ಲುಗಳು ಸೋರಿದಾಗ ಹೊರಬರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರವು ಸೆಲ್ಲಿನ ಮನೆಯ ಲೋಹದ ಪಟ್ಟಿಗಳನ್ನು ತಿಂದು, ತಂತಿಯ ಗುಂಟ ಒಳಕ್ಕೆ ಹರಿದು, ಬಿಳಿ ಅಥವಾ ಹಸಿರು ಬಣ್ಣದ ಪುಡಿಯಾಗಿ ಕಟ್ಟಿಕೊಳ್ಳುತ್ತದೆ. ಕ್ಷಾರವನ್ನು ಆಮ್ಲವೇ ಶಮನಗೊಳಿಸಬೇಕಾದುದರಿಂದ ವಿನಿಗರನ್ನೋ ನಿಂಬೆರಸವನ್ನೋ ಹತ್ತಿಯಲ್ಲಿ ಅದ್ದಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು ಒಣಗಿಸುವುದು ಪದ್ಧತಿ. ಗೇರುಪೆಟ್ಟಿಗೆಯಲ್ಲಿ ಗ್ರೀಸು ಮೇಣದಂತೆ ಗಟ್ಟಿಯಾಗಿರುತ್ತದೆ. ಅದನ್ನು ತೆಗೆದು, ಹಲ್ಲುಗಳ ಸವೆತವನ್ನು ನೋಡಿ, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಹೊಸ ಗ್ರೀಸನ್ನು ತೆಳುವಾಗಿ ಸವರಬೇಕು. ಅಚ್ಚು ತಿರುಗುವ ಕಡೆ ಪ್ಲಾಸ್ಟಿಕ್ ಬುಷ್ಷುಗಳಿದ್ದರೆ ಅವುಗಳ ಬದಲು ಬಾಲ್‌ಬೇರಿಂಗ್ ಹಾಕುವುದು ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಸುಧಾರಣೆ. ಟಮಿಯಾದ ಅನೇಕ ಕಾರುಗಳಿಗೆ 5 ಮಿ.ಮೀ. ಒಳವ್ಯಾಸ, 11 ಮಿ.ಮೀ. ಹೊರವ್ಯಾಸದ ಬೇರಿಂಗ್ ಸರಿಹೊಂದುತ್ತದೆ. ಇದಾದ ಮೇಲೆ ಮಲ್ಟಿಮೀಟರಿನಿಂದ ಒಂದೊಂದು ತಂತಿಯನ್ನೂ ಸ್ವಿಚ್ಚನ್ನೂ ಪರೀಕ್ಷಿಸಿ, ಮೋಟಾರನ್ನು ಬೇರ್ಪಡಿಸಿ ನೇರವಾಗಿ ಬ್ಯಾಟರಿಗೆ ಕೊಟ್ಟು ನೋಡಿದರೆ, ರೋಗ ಯಂತ್ರದ್ದೋ ವಿದ್ಯುತ್ತಿನದೋ ಎಂಬುದು ತಿಳಿಯುತ್ತದೆ.

ರೇಡಿಯೋ: ಉದ್ದ ಕಡ್ಡಿಯಿಂದ ತುಂಡು ತಂತಿಗೆ

ಹಳೆಯ ಕಾರುಗಳಲ್ಲಿ ಬಹಳಷ್ಟು 27 ಮೆಗಾಹರ್ಟ್ಸ್ ಆವರ್ತನದಲ್ಲಿ, ಅಂದರೆ ಸೆಕೆಂಡಿಗೆ 2.7 ಕೋಟಿ ಕಂಪನಗಳ ಅಲೆಯಲ್ಲಿ, ಕೆಲಸ ಮಾಡುತ್ತಿದ್ದವು. ಈ ಪಟ್ಟಿಯನ್ನು ಆರು ಚಾನಲ್ಲುಗಳಾಗಿ ವಿಂಗಡಿಸಿ, ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಎಂಬ ಬಣ್ಣಗಳಿಂದ ಗುರುತಿಸುತ್ತಿದ್ದರು. ಕಾರಿನಲ್ಲೂ ಕೈಯಲ್ಲಿನ ಟ್ರಾನ್ಸ್‌ಮಿಟರಿನಲ್ಲೂ ಆವರ್ತನವನ್ನು ನಿಗದಿಮಾಡುವ, ಒಂದೇ ಬಣ್ಣದ ಸ್ಫಟಿಕದ ಜೋಡಿ ಇರಬೇಕಾಗಿದ್ದು, ಒಂದೇ ಬಯಲಿನಲ್ಲಿ ಒಂದೇ ಬಣ್ಣದ ಇಬ್ಬರು ಆಡಲು ನಿಂತರೆ ಎರಡೂ ಕಾರುಗಳು ಹಿಡಿತ ತಪ್ಪುತ್ತಿದ್ದವು. ಇಂದಿನ ಸೆಟ್ಟುಗಳು 2.4 ಗಿಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತವೆ. ಇವುಗಳಲ್ಲಿ ಪ್ರತಿ ಟ್ರಾನ್ಸ್‌ಮಿಟರಿಗೂ ತನ್ನದೇ ಗುರುತುಸಂಖ್ಯೆಯಿದ್ದು, ರಿಸೀವರಿಗೆ ಅದನ್ನು ಒಮ್ಮೆ ಪರಿಚಯಿಸಿದರೆ ಸಾಕು, ಅದು ಮತ್ತೊಬ್ಬರ ಆಜ್ಞೆಗೆ ಕಿವಿಗೊಡುವುದಿಲ್ಲ. ಅನೇಕ ಸೆಟ್ಟುಗಳು ಆವರ್ತನವನ್ನು ಕ್ಷಣಕ್ಷಣಕ್ಕೂ ಬದಲಿಸುತ್ತ ಅಡ್ಡಿಯಿಂದ ತಪ್ಪಿಸಿಕೊಳ್ಳುತ್ತವೆ.

ಈ ಬದಲಾವಣೆಯಿಂದ ಕಾರಿನ ಹೊರನೋಟಕ್ಕೂ ಪರಿಣಾಮವಿದೆ. 27 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 11 ಮೀಟರು. ಅದರ ನಾಲ್ಕನೆಯ ಒಂದಂಶದ ಆಂಟೆನಾ ಎಂದರೂ 2.75 ಮೀಟರು ಆಗುವುದರಿಂದ ಹಳೆಯ ಕಾರುಗಳು ಅದಕ್ಕಿಂತ ಮೊಟಕಾದರೂ ಎದ್ದುಕಾಣುವ ಕಡ್ಡಿಯೊಂದನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತಿದ್ದವು. 2.4 ಗಿಗಾಹರ್ಟ್ಸ್ ಅಲೆಯ ಉದ್ದ 12.5 ಸೆಂ.ಮೀ. ಮಾತ್ರವಾದ್ದರಿಂದ ಸುಮಾರು 3 ಸೆಂ.ಮೀ. ತಂತಿ ಸಾಕಾಗಿ, ಆಂಟೆನಾ ಕಾರಿನೊಳಗೇ ಅಡಗುತ್ತದೆ. ಹೀಗೆ ಕೆಲಸ ಕಳೆದುಕೊಂಡ ಹಳೆಯ ಕಡ್ಡಿಯನ್ನು ಕಿತ್ತೊಗೆಯದೆ, ಕಾರಿನ ಕಾಲದ ಗುರುತಾಗಿ ಇದ್ದ ಜಾಗದಲ್ಲೇ ನಿಲ್ಲಿಸುವ ಜೀರ್ಣೋದ್ಧಾರಕರು ಅನೇಕರಿದ್ದಾರೆ.

ವೇಗ, ಮೋಟಾರು ಮತ್ತು ಬ್ಯಾಟರಿ

1980ರ ದಶಕದ ಹವ್ಯಾಸಿ ಕಾರಿನಲ್ಲಿ ವೇಗವನ್ನು ಹೆಚ್ಚು ಕಡಿಮೆ ಮಾಡುತ್ತಿದ್ದುದು ಒಂದು ಯಾಂತ್ರಿಕ ಸಾಧನ: ಸರ್ವೋ ಎಂಬ ಪುಟ್ಟ ತಿರುಗುಯಂತ್ರವು ತಾಮ್ರದ ತೋಳೊಂದನ್ನು ಸರಿಸಿದಂತೆ ವಿದ್ಯುತ್ತು ಪಿಂಗಾಣಿಯ ರೋಧಕಗಳ ಮೂಲಕವೋ ನೇರವಾಗಿಯೋ ಮೋಟಾರಿಗೆ ಹೋಗುತ್ತಿತ್ತು. ಕಾರು ನಿಧಾನವಾಗಿ ಓಡುವಾಗ ಉಳಿದ ಶಕ್ತಿಯೆಲ್ಲ ಆ ರೋಧಕಗಳಲ್ಲಿ ಕಾವಾಗಿ ವ್ಯರ್ಥವಾಗುತ್ತಿತ್ತು. ಈಗಿನ ವಿದ್ಯುನ್ಮಾನ ವೇಗ ನಿಯಂತ್ರಕವು, ಅಂದರೆ ಇಎಸ್‌ಸಿ, ಮಾಸ್‌ಫೆಟ್ ಎಂಬ ಅರೆವಾಹಕ ಸ್ವಿಚ್ಚುಗಳಿಂದ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಹಚ್ಚಿ ಆರಿಸುತ್ತದೆ. ಹಚ್ಚಿರುವ ಅವಧಿ ಹೆಚ್ಚಿದಂತೆ ವೇಗ ಹೆಚ್ಚುತ್ತದೆ, ಕಾವು ಬಹಳ ಕಡಿಮೆ. ರಿಸೀವರಿಗೆ ಬೇಕಾದ 5 ಅಥವಾ 6 ವೋಲ್ಟನ್ನೂ ಇದೇ ಘಟಕ ಒದಗಿಸುವುದರಿಂದ, ಹಿಂದೆ ರಿಸೀವರಿಗಾಗಿಯೇ ಇಡುತ್ತಿದ್ದ ನಾಲ್ಕು ಸೆಲ್ಲುಗಳ ಪೆಟ್ಟಿಗೆ ಬೇಕಾಗುವುದಿಲ್ಲ. ಹಳತಕ್ಕೂ ಹೊಸತಕ್ಕೂ ನಡುವೆ ಭಾಷೆ ಮಾತ್ರ ಹೆಚ್ಚು ಬದಲಾಗಿಲ್ಲ: ರಿಸೀವರಿನಿಂದ ಸರ್ವೋಗೆ ಹೋಗುವ ಸಂಜ್ಞೆ ಇಂದಿಗೂ ಸೆಕೆಂಡಿಗೆ ಸುಮಾರು 50 ಬಾರಿ ಬರುವ ಮಿಡಿತವಾಗಿದ್ದು, ಅದರ ಅವಧಿ 1.5 ಮಿಲಿಸೆಕೆಂಡ್ ಇದ್ದರೆ ಚಕ್ರ ನೇರ, 1 ಅಥವಾ 2 ಮಿಲಿಸೆಕೆಂಡ್ ಆದರೆ ಒಂದೊಂದು ಪಕ್ಕಕ್ಕೆ ಪೂರ್ತಿ ತಿರುವು.

ಮೋಟಾರಿನ ವಿಷಯದಲ್ಲಿ ಸಂಯಮ ಬೇಕಾಗುತ್ತದೆ. ಹಳೆಯ ಮೋಟಾರಿನಲ್ಲಿ ಇಂಗಾಲದ ಬ್ರಷ್ಷುಗಳು ತಿರುಗುವ ತಾಮ್ರದ ಕಾಮ್ಯುಟೇಟರಿಗೆ ಉಜ್ಜುತ್ತ ವಿದ್ಯುತ್ತನ್ನು ಸುರುಳಿಗಳಿಗೆ ಮುಟ್ಟಿಸುತ್ತವೆ. ಬ್ರಷ್‌ರಹಿತ ಮೋಟಾರಿನಲ್ಲಿ ಆಯಸ್ಕಾಂತವೇ ತಿರುಗುತ್ತ, ಸುರುಳಿಗಳು ಸ್ಥಿರವಾಗಿದ್ದು, ಯಾವ ಸುರುಳಿಗೆ ಯಾವಾಗ ವಿದ್ಯುತ್ತು ಎಂಬುದನ್ನು ನಿಯಂತ್ರಕವೇ ನಿರ್ಧರಿಸುತ್ತದೆ. ಇದರ ವೇಗವನ್ನು ‘ಕೆವಿ’ ಎಂಬ ಅಂಕಿಯಿಂದ ಹೇಳುತ್ತಾರೆ, ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು; 3000 ಕೆವಿಯ ಮೋಟಾರಿಗೆ 7.4 ವೋಲ್ಟ್ ಕೊಟ್ಟರೆ, ಹೊರೆಯಿಲ್ಲದಾಗ, ನಿಮಿಷಕ್ಕೆ 22,200 ಸುತ್ತು. ಹಳೆಯ ಸಾಮಾನ್ಯ ಮೋಟಾರಿನ ವೇಗ ಹದಿನೈದು ಸಾವಿರದ ಆಸುಪಾಸಿನದು. ಆ ಮೋಟಾರಿನ ಬಲಕ್ಕೆಂದೇ ಅಚ್ಚು ಹೊಯ್ದ, ದಶಕಗಳಲ್ಲಿ ಪೆಡಸಾದ ಪ್ಲಾಸ್ಟಿಕ್ ಗೇರುಗಳ ಮೇಲೆ ಇಮ್ಮಡಿ ಬಲವನ್ನು ಹೇರಿದರೆ ಮೊದಲ ಓಟದಲ್ಲೇ ಹಲ್ಲು ಮುರಿಯಬಹುದು. ಒಂದು ಅಂಗವನ್ನು ಬಲಪಡಿಸಿದರೆ ಭಾರ ಅದರ ಪಕ್ಕದ ದುರ್ಬಲ ಅಂಗಕ್ಕೆ ವರ್ಗವಾಗುತ್ತದೆ ಎಂಬುದು ಈ ವಿದ್ಯೆಯ ಮೂಲಪಾಠ. ಆದಕಾರಣ ಅನುಭವಿಗಳು ಕಡಿಮೆ ಕೆವಿಯ ಮೋಟಾರನ್ನು ಆರಿಸುತ್ತಾರೆ, ಇಲ್ಲವೆ ಹಳೆಯ ಬ್ರಷ್ ಮೋಟಾರನ್ನೇ ಶುಚಿಗೊಳಿಸಿ ಉಳಿಸಿಕೊಂಡು ನಿಯಂತ್ರಕವನ್ನಷ್ಟೇ ಬದಲಿಸುತ್ತಾರೆ.

ಬ್ಯಾಟರಿಯ ವಿಷಯದಲ್ಲಿ ಬೇಕಾದುದು ಎಚ್ಚರ. ಹಿಂದಿನ ನಿಕ್ಕಲ್–ಕ್ಯಾಡ್ಮಿಯಂ ಬ್ಯಾಟರಿಯಲ್ಲಿ 1.2 ವೋಲ್ಟಿನ ಆರು ಸೆಲ್ಲು ಸೇರಿ 7.2 ವೋಲ್ಟ್ ಆಗುತ್ತಿತ್ತು. ಲಿಥಿಯಂ ಪಾಲಿಮರಿನಲ್ಲಿ 3.7 ವೋಲ್ಟಿನ ಎರಡೇ ಸೆಲ್ಲು 7.4 ವೋಲ್ಟ್ ಕೊಡುವುದರಿಂದ ಹಳೆಯ ಕಾರಿಗೆ ಅದು ಹತ್ತಿರದ ಜೋಡಿ. ಆದರೆ ಈ ಸೆಲ್ಲು 4.2 ವೋಲ್ಟಿಗಿಂತ ಮೇಲೇರಬಾರದು, 3 ವೋಲ್ಟಿಗಿಂತ ಕೆಳಗಿಳಿಯಬಾರದು. ಕೆಳಮಿತಿಯಲ್ಲಿ ತಾನಾಗಿ ನಿಲ್ಲಿಸುವ ಏರ್ಪಾಡಿಲ್ಲದ ಹಳೆಯ ನಿಯಂತ್ರಕಕ್ಕೆ ಲಿಥಿಯಂ ಬ್ಯಾಟರಿಯನ್ನು ಜೋಡಿಸುವುದು, ಸೆಲ್ಲುಗಳನ್ನು ಸಮತೋಲದಲ್ಲಿ ತುಂಬುವ ಚಾರ್ಜರಿಲ್ಲದೆ ಚಾರ್ಜ್ ಮಾಡುವುದು, ಉಬ್ಬಿದ ಬ್ಯಾಟರಿಯನ್ನು ಬಳಸುವುದು ಇವೆಲ್ಲ ಬೆಂಕಿಗೆ ದಾರಿ. ಮಕ್ಕಳಿರುವ ಮನೆಯಲ್ಲಿ ನಿಕ್ಕಲ್–ಮೆಟಲ್ ಹೈಡ್ರೈಡ್ ಬ್ಯಾಟರಿಯೇ ಹೆಚ್ಚು ಕ್ಷೇಮ. ಕ್ಯಾಡ್ಮಿಯಂ ವಿಷಲೋಹವಾದುದರಿಂದ ಹಳೆಯ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಹಾಕದೆ, ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ಆಟಿಕೆಯ ಕಾರಿಗೆ ಬೇರೆ ದಾರಿ

ಒಂದೇ ಹಲಗೆಯ ಆಟಿಕೆ ಕಾರಿನಲ್ಲಿ ಆ ಹಲಗೆಯನ್ನು ಪೂರ್ತಿಯಾಗಿ ತೆಗೆದು, ಇಎಸ್‌ಪಿ32ರಂಥ ಸೂಕ್ಷ್ಮ ನಿಯಂತ್ರಕವನ್ನೂ ಪುಟ್ಟ ಮೋಟಾರ್ ಡ್ರೈವರನ್ನೂ ಕೂರಿಸಿದರೆ, ಬ್ಲೂಟೂತ್ ಅಥವಾ ವೈಫೈ ಮೂಲಕ ಮೊಬೈಲಿನಿಂದಲೇ ಅದನ್ನು ನಡೆಸಬಹುದು. ಪೂರ್ತಿ ಎಡ, ಪೂರ್ತಿ ಬಲ ಎಂಬ ಎರಡೇ ತಿರುವು ತಿಳಿದ ಹಳೆಯ ಸ್ಟಿಯರಿಂಗಿಗೆ ಸರ್ವೋ ಜೋಡಿಸಿದರೆ ನಡುವಿನ ಎಲ್ಲ ಕೋನಗಳೂ ಅದಕ್ಕೆ ಒಲಿಯುತ್ತವೆ. ಕಳೆದುಹೋದ ಬಂಪರನ್ನೋ ಮುರಿದ ಕೀಲನ್ನೋ ಅಳೆದು ತ್ರೀಡಿ ಮುದ್ರಣದಲ್ಲಿ ತಯಾರಿಸಿಕೊಳ್ಳಬಹುದು. ಬಿಡಿಭಾಗಗಳಿಗಾಗಿ ಈ ಸೀಮೆಯವರಿಗೆ ಹತ್ತಿರದ ದೊಡ್ಡ ಪೇಟೆ ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ. ರೋಧಕ, ಕನೆಕ್ಟರುಗಳಿಂದ ಹಿಡಿದು ನಿಯಂತ್ರಕದ ಹಲಗೆಯವರೆಗೆ ಬೇಕಾದುದೆಲ್ಲ ಅಲ್ಲಿನ ಸಾಲು ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತದೆ.

ಉಳಿಸುವ ನೀತಿ

ಈ ಕೆಲಸದಲ್ಲಿ ಎರಡು ಪಂಥಗಳಿವೆ. ಕಾರು ಹುಟ್ಟಿದ ದಿನ ಹೇಗಿತ್ತೋ ಹಾಗೆಯೇ ಪ್ರತಿ ತಿರುಪು, ಪ್ರತಿ ಅಂಟುಚಿತ್ರವೂ ಇರಬೇಕೆನ್ನುವವರು ಒಂದು ಕಡೆ, ಓಡದ ಕಾರು ಕಾರೇ ಅಲ್ಲವೆನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿಗೂ ಬೆಲೆ ಕೊಡುವ ನಡುವಣ ದಾರಿಯೆಂದರೆ ಮಾಡಿದ ಬದಲಾವಣೆಯನ್ನು ಹಿಂದೆಗೆಯಲು ಬರುವಂತೆ ಮಾಡುವುದು: ಚಾಸಿಯಲ್ಲಿ ಹೊಸ ತೂತು ಕೊರೆಯದೆ ಇರುವ ತೂತುಗಳನ್ನೇ ಬಳಸುವುದು, ತಂತಿಗಳನ್ನು ನೇರವಾಗಿ ಬೆಸೆಯದೆ ಕನೆಕ್ಟರುಗಳಿಂದ ಕೂಡಿಸುವುದು, ಮಾಸಿದ ಬಣ್ಣವನ್ನು ಕೆರೆದು ಹಾಕದೆ ತೊಳೆದು ಉಳಿಸುವುದು. ಉಳಿಸುವ ಈ ಕೆಲಸ ಕಲಿಕೆಯೂ ಹೌದು: ಹೊಸೂರಿನ ಕಾರ್ಖಾನೆಗಳತ್ತ ಕಣ್ಣಿಟ್ಟ ರಾಯಕೋಟೆಯ ಪಾಲಿಟೆಕ್ನಿಕ್ ವಿದ್ಯಾರ್ಥಿಗೆ, ಸ್ಕೂಟರಿನ ಒಳಗೆ ಮುಚ್ಚಿಹೋಗಿರುವ ಮೋಟಾರು, ನಿಯಂತ್ರಕ, ಬ್ಯಾಟರಿಗಳ ಸಂಬಂಧವನ್ನು ಮೇಜಿನ ಮೇಲೆ ಬಿಚ್ಚಿ ತೋರಿಸುವ ಇಂಥ ಪಾಠ ಇಷ್ಟು ಕಡಿಮೆ ಖರ್ಚಿನಲ್ಲಿ ಬೇರೆಲ್ಲೂ ಸಿಗದು.

ಕೆಲಸ ಮುಗಿದ ಮೇಲೆ ಮಾಡಬೇಕಾದ ಕೊನೆಯ ಕೆಲಸವೊಂದಿದೆ. ತೆಗೆದಿಟ್ಟ ಸ್ಫಟಿಕದ ಜೋಡಿ, ತಾಮ್ರದ ತೋಳು, ಪಿಂಗಾಣಿಯ ರೋಧಕ, ಹಳೆಯ ಹಲಗೆ ಇವನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿ, ಯಾವ ತಂತಿ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಚೀಟಿಯಲ್ಲಿ ಬರೆದು, ಆ ಡಬ್ಬಿಯನ್ನು ಕಾರಿನ ಜೊತೆಯಲ್ಲೇ ಇಡಬೇಕು. ಇಂದು ಹೊಸದೆನಿಸಿದ ಭಾಗಗಳೂ ಒಂದು ದಿನ ಹಳತಾಗಿ ಕೆಟ್ಟು, ಇನ್ನೊಬ್ಬರು ಈ ಕಾರನ್ನು ಬಿಚ್ಚಲು ಕೂತಾಗ, ಮೊದಲು ಅದು ಹೇಗಿತ್ತು ಎಂದು ಹೇಳಲು ಆ ಡಬ್ಬಿ ಇರುತ್ತದೆ.