ಎಷ್ಟರಲ್ಲಿ ಎಷ್ಟು?

ಕುಡಿಯುವ ನೀರಿನ ಕೆಲಸದ ಬಗ್ಗೆ ಸಮ್ಮೇಳನಕ್ಕೆ ಅಬ್‌ಸ್ಟ್ರ್ಯಾಕ್ಟ್ ಕಳಿಸಬೇಕು, 250 ಪದಗಳಲ್ಲಿ ಏನು ಬರೆಯಲಿ ಎಂದು ರಾಯಚೂರು ಜಿಲ್ಲೆಯ ಮಾನ್ವಿ ಕಡೆಯ ಆರೋಗ್ಯ ಕಾರ್ಯಕರ್ತರೊಬ್ಬರು ಕೇಳಿದ್ದಾರೆ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಜೀವಗಳನ್ನು ಬಲಿ ತೆಗೆದುಕೊಂಡಿತು. 2023ರ ಮೇ ತಿಂಗಳಲ್ಲಿ ದೇವದುರ್ಗ ತಾಲೂಕಿನ ರೇಕಲಮರಡಿ ವಾಂತಿಭೇದಿಯಿಂದ ತತ್ತರಿಸಿತು. ಇಂಥ ಕಡೆ ದುಡಿದವರ ಅನುಭವ ಕಡತದಲ್ಲೇ ಉಳಿಯಬಾರದು.

ಅಬ್‌ಸ್ಟ್ರ್ಯಾಕ್ಟನ್ನು ಹಿನ್ನೆಲೆ, ವಿಧಾನ, ಫಲಿತಾಂಶ, ತೀರ್ಮಾನ ಎಂದು ಬಿಡಿಸಿ ಬರೆಯುವ ಪದ್ಧತಿಗೆ 1987ರಲ್ಲಿ ಅಮೆರಿಕದ ‘ಆ್ಯನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಪತ್ರಿಕೆ ದಾರಿ ಹಾಕಿತು. ಇದಕ್ಕಾಗಿ ಪಟ್ಟು ಹಿಡಿದವರಲ್ಲಿ ಕೆನಡಾದ ವೈದ್ಯ ಬ್ರಯಾನ್ ಹೇನ್ಸ್ ಪ್ರಮುಖರು. ಚೌಕಟ್ಟು ಸುಲಭ, ಅದರೊಳಗೆ ಪುರಾವೆ ತುಂಬುವುದೇ ಕಷ್ಟ.

ಪುರಾವೆ ಹೇಗಿರಬೇಕೆಂದು ತಿಳಿಯಲು ಬ್ರಿಟಿಷ್ ವೈದ್ಯ ಜಾನ್ ಸ್ನೋ ಅವರನ್ನು ನೋಡಬೇಕು. 1854ರ ಸೆಪ್ಟೆಂಬರ್ 8ರಂದು ಕಾಲರಾ ತಡೆಯಲು ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿನ ಹಿಡಿಕೆ ಕಳಚಿಸಿದ ಕಥೆ ಜನಜನಿತ. ಆದರೆ ಅಷ್ಟರಲ್ಲಾಗಲೇ ಕಾಲರಾ ಇಳಿಮುಖವಾಗಿತ್ತೆಂದು ಸ್ನೋ ಅವರೇ ಬರೆದಿದ್ದಾರೆ. ಕಾಲರಾ ನೀರಿನಿಂದ ಹರಡುತ್ತದೆಂಬ ಅವರ ವಾದಕ್ಕೆ ಬಲ ತುಂಬಿದ್ದು ಇನ್ನೊಂದು ಲೆಕ್ಕ. ದಕ್ಷಿಣ ಲಂಡನ್ನಿನ ಹಲವೆಡೆ ಒಂದೇ ಬೀದಿಯ ಮನೆಗಳಿಗೆ ಎರಡು ಕಂಪನಿಗಳು ಥೇಮ್ಸ್ ನೀರು ಕೊಡುತ್ತಿದ್ದವು. ಚರಂಡಿ ಬೆರೆತ ಕಡೆಯಿಂದ ನೀರೆತ್ತುತ್ತಿದ್ದ ಸೌತ್‌ವರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿಯ ಪ್ರತಿ 10,000 ಮನೆಗಳಲ್ಲಿ 315 ಸಾವು. ನಗರಕ್ಕಿಂತ ಮೇಲ್ಭಾಗದ ನದಿನೀರು ತರುತ್ತಿದ್ದ ಲ್ಯಾಂಬೆತ್ ಕಂಪನಿಯ ಅಷ್ಟೇ ಮನೆಗಳಲ್ಲಿ 37. ಒಟ್ಟು ಮನೆಗಳೆಷ್ಟು ಎಂಬುದನ್ನು ಸ್ನೋ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಎರಡನ್ನೂ ಪಕ್ಕಪಕ್ಕ ಇಡದಿದ್ದರೆ, ಆ ಸಾವುಗಳಿಂದ ಏನೂ ತಿಳಿಯುತ್ತಿರಲಿಲ್ಲ.

‘ಅರಿವು ಮೂಡಿಸಿದೆವು, ಭೇದಿ ಕಡಿಮೆಯಾಯಿತು’ ಎಂಬ ಸಾಲು ಹಾಗಾಗಿ ಸಾಲದು. ಮಳೆಗಾಲ ಮುಗಿದರೂ ಭೇದಿ ಇಳಿಯುತ್ತದಲ್ಲ! ನೀವು ಮಾಡುವ ಕ್ಲೋರಿನ್ ಪರೀಕ್ಷೆಯನ್ನೇ ನೋಡಿ. ನಲ್ಲಿ ನೀರನ್ನು ಗಾಜಿನ ನಳಿಕೆಗೆ ಹಿಡಿದು ಆರ್ಥೊಟಾಲಿಡಿನ್ ಹನಿ ಬಿಟ್ಟರೆ, ಕ್ಲೋರಿನ್ ಇದ್ದಲ್ಲಿ ನೀರು ಹಳದಿಯಾಗುತ್ತದೆ. ಆ ಹಳದಿಯನ್ನು ಬಣ್ಣದ ಪಟ್ಟಿಗೆ ಹೋಲಿಸಿ, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇದೆಯೇ ನೋಡುತ್ತೀರಿ. ಎಷ್ಟು ನಲ್ಲಿಗಳನ್ನು ಪರೀಕ್ಷಿಸಿದಿರಿ, ಎಷ್ಟರಲ್ಲಿ ಅಷ್ಟು ಕ್ಲೋರಿನ್ ಸಿಕ್ಕಿತು, ಕೆಲಸಕ್ಕೆ ಮುಂಚೆ ಎಷ್ಟಿತ್ತು, ಕೆಲಸ ನಡೆಯದ ಪಕ್ಕದೂರಿನಲ್ಲಿ ಎಷ್ಟಿದೆ? ಫಲಿತಾಂಶದ ಭಾಗಕ್ಕೆ ಈ ನಾಲ್ಕು ಅಂಕಿ ಬೇಕೇ ಬೇಕು. ಯಾವ ಊರು, ಯಾವ ತಿಂಗಳು, ಯಾರು ಅಳೆದರು ಎಂಬುದು ವಿಧಾನದಲ್ಲಿ ಬರಲಿ. ‘ಫಲಿತಾಂಶವನ್ನು ಸಮ್ಮೇಳನದಲ್ಲಿ ಮಂಡಿಸಲಾಗುವುದು’ ಎಂದು ಮಾತ್ರ ಬರೆಯಬೇಡಿ.

ಸುಧಾರಣೆ ಕಾಣದಿದ್ದರೆ ಅದನ್ನೂ ಹಾಗೆಯೇ ಬರೆಯಿರಿ. ಬೇರೆ ತಾಲೂಕಿನವರಿಗೆ ಅದರಿಂದಲೂ ಉಪಯೋಗವಿದೆ. ಅಂಕಿಗಳು ನಿಮ್ಮ ರಿಜಿಸ್ಟರಿನಲ್ಲೇ ಇವೆ, ಎಣಿಸಿ ಕಳಿಸಿ.