‘ಪೂರಾ ಆರಾಮ’ ಯಾವಾಗ ಆಗ್ತಾರೆ?

‘ಪೂರಾ ಆರಾಮ ಯಾವಾಗ ಆಗ್ತಾರ್ರಿ, ಡಾಕ್ಟ್ರೇ?’

ಮನೋವೈದ್ಯರ ಎದುರು ಕೂತ ಹೆಣ್ಣುಮಕ್ಕಳು ಕೇಳದೇ ಎದ್ದು ಬರದ ಪ್ರಶ್ನೆ ಇದು. ಗಂಡನನ್ನು ಬೆಳಗಿನ ಬಸ್ಸಿಗೆ ಹತ್ತಿಸಿಕೊಂಡು ಸಿರುಗುಪ್ಪದಿಂದ ಬಳ್ಳಾರಿಗೆ ಬಂದವಳಿರಲಿ, ಕುರುಗೋಡಿನಿಂದ ಮಗಳನ್ನು ಕರೆತಂದ ತಾಯಿಯಿರಲಿ, ಕೇಳೋದು ಇದನ್ನೇ. ತಪ್ಪೇನಿಲ್ಲ ಬಿಡಿ. ಟೈಫಾಯಿಡ್‌ಗೆ ಇಷ್ಟು ದಿನದ ಗುಳಿಗೆ, ಕೈ ಮುರಿದರೆ ಇಷ್ಟು ವಾರದ ಪಟ್ಟಿ ಅಂತ ಲೆಕ್ಕ ಇರುತ್ತದೆ. ಮನಸ್ಸಿನ ಕಾಯಿಲೆಗೂ ಕುಡಿತದ ಚಟಕ್ಕೂ ಅಂಥದ್ದೊಂದು ತಾರೀಖು ಸಿಕ್ಕರೆ, ಅಲ್ಲೀತನಕ ಹಲ್ಲು ಕಚ್ಚಿಕೊಂಡು ಇದ್ದುಬಿಡಬಹುದು ಅನ್ನುವ ಆಸೆ ನಮ್ಮದು.

ಆ ತಾರೀಖು ಸಿಗುವುದಿಲ್ಲ. ಸಿಗದಿದ್ದಾಗ ನಾವೇ ಒಂದನ್ನು ಗೊತ್ತು ಮಾಡಿಕೊಳ್ಳುತ್ತೇವೆ. ರಾತ್ರಿ ನಿದ್ದೆ ಬಂತು, ಎರಡು ರೊಟ್ಟಿ ಉಂಡಳು, ನಾಲ್ಕು ಮಾತಾಡಿದಳು. ಸರಿ, ಆರಾಮ ಆದಳು, ಇನ್ಯಾಕೆ ಗುಳಿಗೆ? ಕಾಯಿಲೆ ಮರುಕಳಿಸುವುದಕ್ಕೆ ಇದೇ ಒಂದು ದೊಡ್ಡ ಕಾರಣ. ಮೊದಲ ಸಲ ಬಂದ ಖಿನ್ನತೆಗೂ, ಮನಸ್ಸು ತಿಳಿಯಾದ ಮೇಲೆ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಗುಳಿಗೆ ಮುಂದುವರಿಸಿ ಅನ್ನುತ್ತಾರೆ ವೈದ್ಯರು. ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ವರ್ಷಗಟ್ಟಲೆ ಬೇಕು. ನಿಲ್ಲಿಸುವುದಾದರೂ ವೈದ್ಯರನ್ನು ಕೇಳಿ, ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬರಬೇಕು. ಪಕ್ಕದ ಮನೆಯವರ ಸಲಹೆ ಕೇಳಿ ಒಂದೇ ದಿನಕ್ಕೆ ಕೈಬಿಡುವಂಥದ್ದಲ್ಲ ಇದು.

ಗುಣ ಬೇರೆ, ಚೇತರಿಕೆ ಬೇರೆ

ಗುಣವಾಗುವುದು ಅಂದರೆ ಕಾಯಿಲೆ ಹೋಗುವುದು. ಚೇತರಿಸಿಕೊಳ್ಳುವುದು ಅಂದರೆ ಮನುಷ್ಯ ಮತ್ತೆ ಎದ್ದು ನಿಲ್ಲುವುದು. ನೀರಿಲ್ಲದೆ ಬಾಡಿದ ಭತ್ತದ ಪೈರು ಕಾಲುವೆಗೆ ನೀರು ಬಿಟ್ಟ ಮೇಲೆ ಚೇತರಿಸಿಕೊಂಡಿತು ಅಂತೀವಲ್ಲ, ಹಾಗೆ. ಸಕ್ಕರೆ ಕಾಯಿಲೆಯವರು ದಿನಾ ಗುಳಿಗೆ ನುಂಗಿಯೂ ಸಂಸಾರ ಮಾಡುತ್ತಾರೆ, ಮೊಮ್ಮಕ್ಕಳನ್ನು ಆಡಿಸುತ್ತಾರೆ. ಮನಸ್ಸಿನ ಕಾಯಿಲೆಯವರಿಗೆ ಮಾತ್ರ ‘ಗುಳಿಗೆ ಬಿಟ್ಟ ಮೇಲೆ ಮದುವೆ, ಗುಳಿಗೆ ಬಿಟ್ಟ ಮೇಲೆ ಕೆಲಸ’ ಅಂತ ಯಾಕೆ ಕಾಯಿಸುತ್ತೀವೋ!

ಈ ವಿಚಾರವನ್ನು ಗಟ್ಟಿಯಾಗಿ ಹೇಳಿದವರಲ್ಲಿ ಕಾಯಿಲೆ ಅನುಭವಿಸಿದವರೇ ಮುಖ್ಯರು. ಅಮೆರಿಕದ ಪೆಟ್ರೀಷಿಯಾ ಡೀಗನ್‌ಗೆ ಹದಿಹರೆಯದಲ್ಲೇ ಸ್ಕಿಜೋಫ್ರೇನಿಯಾ ಎಂದಿದ್ದರು. ಆಕೆ ಮುಂದೆ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, 1988ರಲ್ಲಿ ಚೇತರಿಕೆಯ ಬಗ್ಗೆ ಬರೆದ ಲೇಖನವನ್ನು ಜಗತ್ತಿನ ವೈದ್ಯರು ಇವತ್ತಿಗೂ ಓದುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1960ರ ದಶಕದ ಕೊನೆಯಲ್ಲಿ ಶುರು ಮಾಡಿದ ಒಂಬತ್ತು ದೇಶಗಳ ಅಧ್ಯಯನವೂ ಅಚ್ಚರಿಯದ್ದೇ. ನಮ್ಮ ಆಗ್ರಾ ಅದರಲ್ಲಿತ್ತು. ಸ್ಕಿಜೋಫ್ರೇನಿಯಾ ಇದ್ದವರು ಶ್ರೀಮಂತ ದೇಶಗಳಿಗಿಂತ ಭಾರತ, ನೈಜೀರಿಯಾದಂಥ ಕಡೆ ಹೆಚ್ಚು ಚೇತರಿಸಿಕೊಂಡಿದ್ದರು. ಯಾಕೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮನೆಮಂದಿಯ ಜೊತೆ ಇರುವುದು, ಕೈಲಾದ ಕೆಲಸ ಸಿಗುವುದು ಕಾರಣ ಇರಬಹುದು ಅಂತ ಹಲವರು ಹೇಳುತ್ತಾರೆ.

ಮನೆಮಂದಿ ಅಂದೆ. ಆದರೆ ನಮ್ಮ ಮನೆಗಳಲ್ಲಿ ಸೊಸೆಯ ಚೇತರಿಕೆ ಅಳೆಯುವ ಮಾಪಕ ಯಾವುದು ಗೊತ್ತಲ್ಲ? ರೊಟ್ಟಿ. ಐದಕ್ಕೆ ಎದ್ದು ರೊಟ್ಟಿ ಬಡಿದರೆ ಆರಾಮ ಆದಳು. ಬಡಿಯದಿದ್ದರೆ ತವರಿಗೆ ಕಳಿಸು. ಕೆಲವು ಗುಳಿಗೆಗಳಿಂದ ಬೆಳಿಗ್ಗೆ ಮಂಪರು ಇರುತ್ತದೆ ಎಂಬುದು ಯಾರ ತಲೆಗೂ ಹೋಗುವುದಿಲ್ಲ. ಗಂಡಸಿಗೆ ಕಾಯಿಲೆ ಬಂದರೆ ಹೆಂಡತಿ ಸೇವೆ ಮಾಡಬೇಕು, ಹೆಂಡತಿಗೆ ಬಂದರೆ ತವರಿನವರು ಬಂದು ಕರೆದೊಯ್ಯಬೇಕು. ಇದೆಂಥಾ ನ್ಯಾಯವೋ! ಆಕೆಯನ್ನೇ ಕೇಳಿದರೆ ಬೇರೆ ಏನೋ ಹೇಳಿಯಾಳು. ‘ನಾನೊಬ್ಬಳೇ ದೊಡ್ಡಬಸವೇಶ್ವರನ ಗುಡಿಗೆ ಹೋಗಿ ಬರಬೇಕು, ಹಿಂದೆ ಯಾರೂ ಕಾವಲು ಬರಬಾರದು’ ಅಂದಾಳು. ‘ಜೀನ್ಸ್ ಹೊಲಿಯೋ ಕೆಲಸಕ್ಕೆ ಮತ್ತೆ ಹೋಗಬೇಕು’ ಅಂದಾಳು. ಆಕೆಯ ಚೇತರಿಕೆ ಅಲ್ಲಿದೆ.

ಕುಡಿತ ಬಿಟ್ಟ ಮೇಲಿನ ದಿನಗಳು

ರಾಜ್ಯದಲ್ಲಿ ಸಾರಾಯಿ ನಿಷೇಧವಾಗಿದ್ದು 2007ರ ಜುಲೈ 1ರಂದು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ, ಕುಡಿತದ ಕಾಯಿಲೆ ಇರುವ ನೂರು ಜನರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ.

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು. ವರ್ಷಗಳಿಂದ ದಿನಾ ವಿಪರೀತ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ಬಿಡಿಸಲು ಹೋಗಬೇಡಿ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು, ಮೂರು, ನಾಲ್ಕನೇ ದಿನಕ್ಕೆ ಇಲ್ಲದ್ದು ಕಾಣುವುದು, ಬಡಬಡಿಸುವುದು ಶುರುವಾಗಿ ಜೀವಕ್ಕೂ ಕುತ್ತು ಬರಬಹುದು. ಆ ದಿನಗಳು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು ಕಳೆಯಬೇಕು. ಇನ್ನೊಂದು, ‘ಅವರಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ ಕೊಡಿ’ ಅಂತ ಮಾರುವ ಪುಡಿ, ಗುಳಿಗೆ. ಅದರಲ್ಲಿ ಡೈಸಲ್ಫಿರಾಮ್ ಇದ್ದು, ತಿಳಿಯದೆ ಮೇಲೆ ಕುಡಿದರೆ ಎದೆ ಬಡಿತ ಏರಿ, ವಾಂತಿಯಾಗಿ, ಬಿಪಿ ಕುಸಿದು ಸಾಯುವ ಸ್ಥಿತಿಗೂ ಹೋಗಬಹುದು. ಆ ಔಷಧಿಯನ್ನು ವೈದ್ಯರೂ ಕೊಡುತ್ತಾರೆ, ಆದರೆ ಕುಡಿಯುವವನಿಗೆ ಹೇಳಿ, ಅವನು ಒಪ್ಪಿದ ಮೇಲೆ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರಗಳ ವಿಷಯ ನೀವು ಕೇಳಿರುತ್ತೀರಿ. ಅಲ್ಲಿ ನನಗೆ ಮುಖ್ಯ ಅನಿಸೋದು ಎಂಟು ದಿನಕ್ಕಿಂತ, ಶಿಬಿರ ಮುಗಿಸಿದವರು ಆಮೇಲೆ ಸೇರುವ ನವಜೀವನ ಸಮಿತಿ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳೂ ಹಾಗೇ. 1935ರಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ್ದು ಅದು. ‘ಇವತ್ತೊಂದು ದಿನ ಕುಡಿಯೋದಿಲ್ಲ’ ಎಂಬಷ್ಟೇ ಅಲ್ಲಿಯ ಲೆಕ್ಕ.

ಬಿಟ್ಟವನು ಮತ್ತೆ ಒಂದು ದಿನ ಕುಡಿದು ಬಂದರೆ? ‘ಎಲ್ಲಾ ನೀರಾಗ ಹೋಮ ಆತು’ ಅಂತ ಅಳುವವರೇ ಹೆಚ್ಚು. ಆರು ತಿಂಗಳು ಬಿಟ್ಟಿದ್ದು ಸುಳ್ಳಾಗುವುದಿಲ್ಲ. ಮರುದಿನವೇ ಡಾಕ್ಟರ ಹತ್ತಿರವೋ, ಗುಂಪಿನ ಹತ್ತಿರವೋ ಹೋದರೆ ಜಾರಿದ್ದು ಜಾರಿಕೆಯಷ್ಟೇ ಆಗಿ ಉಳಿಯುತ್ತದೆ. ಯಾವಾಗ ಜಾರಬಹುದು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಸಿರುಗುಪ್ಪದ ಕಡೆ ಭತ್ತ ಮಾರಿ ಕೈಗೆ ದುಡ್ಡು ಬಂದ ವಾರ, ಕುರುಗೋಡಿನಲ್ಲಿ ಜಾತ್ರೆ, ಬಳ್ಳಾರಿಯಲ್ಲಿ ವಾರದ ಬಟವಾಡೆಯ ಸಂಜೆ. ಆ ದಿನ ದುಡ್ಡು ಯಾರ ಕೈಲಿರಬೇಕು, ಸಂಜೆ ಎಲ್ಲಿರಬೇಕು ಅಂತ ಇಬ್ಬರೂ ಕೂತು ಮುಂಚೆಯೇ ಮಾತಾಡಿಕೊಳ್ಳಿ. ಜೇಬು ತಡಕುವುದಕ್ಕಿಂತ ಅದು ಮೇಲು.

ಇಷ್ಟೆಲ್ಲದರ ನಡುವೆ ಹೆಂಡತಿಯ ಚೇತರಿಕೆ ಕೇಳುವವರೇ ಇಲ್ಲ. ಗಂಡ ಬಿಟ್ಟು ವರ್ಷವಾದರೂ, ಬಾಗಿಲಲ್ಲಿ ಅವನ ಉಸಿರು ಮೂಸುವ ಚಾಳಿ ಹೋಗಿರುವುದಿಲ್ಲ. ಗಾಡಿ ಸಪ್ಪಳ ಕೇಳಿದರೆ ಮಕ್ಕಳು ಈಗಲೂ ಟಿವಿ ಬಂದ್ ಮಾಡಿ ಒಳಗೆ ಸೇರುತ್ತವೆ. ‘ನಾನು ಬಿಟ್ಟೀನಲ್ಲ, ಇನ್ನೂ ಯಾಕ ಅನುಮಾನ?’ ಅಂತ ಅವನಿಗೆ ಸಿಟ್ಟು. ಹತ್ತು ವರ್ಷದ ಹೆದರಿಕೆ ಹತ್ತು ವಾರದಲ್ಲಿ ಹೋಗುವುದಿಲ್ಲ, ಅದನ್ನು ಅವನಿಗೆ ಹೇಳಿ. ನಿಮ್ಮ ನಿದ್ದೆ, ನಿಮ್ಮ ರಕ್ತಹೀನತೆ, ನೀವು ಬಿಟ್ಟ ಕೆಲಸ, ಅವಕ್ಕೂ ಚಿಕಿತ್ಸೆ ಬೇಕು. ಕುಡಿತ ಬಿಟ್ಟೂ ಹೊಡೆಯುವುದು ಬಿಡದವನಿದ್ದರೆ, ‘ಹೆಂಗೂ ಕುಡಿಯೋದು ಬಿಟ್ಟಾನಲ್ಲ’ ಅಂತ ಸಹಿಸಬೇಕಾಗಿಲ್ಲ. ಮಹಿಳಾ ಸಹಾಯವಾಣಿ 181 ಇದೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ.

ನಮ್ಮೂರಿನದೇ ಮಾದರಿ

ಬಳ್ಳಾರಿ ಅಂದರೆ ಗಣಿ, ಬಿಸಿಲು ಅಂತಾರೆ. ದೇಶದ ಮನೋವೈದ್ಯರ ಪುಸ್ತಕಗಳಲ್ಲಿ ‘ಬಳ್ಳಾರಿ ಮಾದರಿ’ ಅಂತ ಒಂದಿದೆ ಎಂಬುದು ನಮ್ಮವರಿಗೇ ಗೊತ್ತಿಲ್ಲ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ನಮ್ಮ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಗುಳಿಗೆ ಸಿಗುವಂತೆ ಮಾಡಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಚೇತರಿಕೆ ಆಗೋದು ಊರಲ್ಲೇ, ಮನೆಯಲ್ಲೇ. ಹಾಗಾಗಿ ಗುಳಿಗೆಯೂ ಅಲ್ಲೇ ಸಿಗಬೇಕು ಅನ್ನುವುದು ಸರಿಯಾದ ವಿಚಾರ. ಈಗ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಯಾವ ದಿನ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಯುತ್ತದೆ. ತಿಂಗಳ ಗುಳಿಗೆಗೆ ಪ್ರತಿ ಸಲ ಕೂಲಿ ಬಿಟ್ಟು ದೂರ ಹೋಗುವುದೇ ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ನಿಲ್ಲಲು ಕಾರಣ.

ಬಿಸಿಲು ಅಂದಾಗ ನೆನಪಾಯಿತು. ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರು ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಹುಷಾರಾಗಿರಬೇಕು. ಬೆವರಿ ಮೈಯ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರುತ್ತದೆ. ನೀರು ಚೆನ್ನಾಗಿ ಕುಡಿಯಬೇಕು, ಒಮ್ಮೆಗೇ ಉಪ್ಪು ಬಿಡಬಾರದು. ಕೈ ನಡುಕ ಹೆಚ್ಚಿದರೆ, ವಾಂತಿ ಭೇದಿ ಆದರೆ, ನಡಿಗೆ ತೂರಾಡಿದರೆ ತಡ ಮಾಡದೆ ಆಸ್ಪತ್ರೆಗೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಒಂದು ಒಳ್ಳೆಯ ಅವಕಾಶವಿದೆ. ಮನಸ್ಸು ಸ್ಥಿಮಿತದಲ್ಲಿರುವಾಗಲೇ, ಮುಂದೆ ಕಾಯಿಲೆ ಮರುಕಳಿಸಿದರೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಬರೆದಿಡಬಹುದು. ವೈದ್ಯರನ್ನು ಕೇಳಿ ಅದನ್ನು ಮಾಡಿಸಿ.

ಅದರ ಜೊತೆಗೆ ಮನೆಯ ಮಟ್ಟಿಗೆ ಇನ್ನೊಂದು ಚೀಟಿ ಬರೆಯಿರಿ. ಕಾಯಿಲೆ ತಿರುಗಿ ಬರುವ ಮುಂಚೆ ಪ್ರತಿಯೊಬ್ಬರಲ್ಲೂ ಒಂದೊಂದು ಗುರುತು ಕಾಣುತ್ತದೆ. ಒಬ್ಬಾಕೆಗೆ ಮೂರು ರಾತ್ರಿ ನಿದ್ದೆ ಹೋಗುತ್ತದೆ. ಇನ್ನೊಬ್ಬಾಕೆ ನಡುರಾತ್ರಿ ಪಾತ್ರೆ ತಿಕ್ಕಲು ಕೂರುತ್ತಾಳೆ. ಮತ್ತೊಬ್ಬರು ಫೋನ್ ಎತ್ತುವುದನ್ನೇ ಬಿಡುತ್ತಾರೆ. ಆ ಗುರುತುಗಳನ್ನು ಕಾಯಿಲೆ ಇರುವವರೇ ಹೇಳಲಿ, ನೀವು ಬರೆದುಕೊಳ್ಳಿ. ಕೆಳಗೆ ನಿಮ್ಮ ವೈದ್ಯರ ನಂಬರು, ಅದರ ಕೆಳಗೆ 14416. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಚೀಟಿಯನ್ನು ಗುಳಿಗೆ ಇಡುವ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ.